ಲೇಸರಿಗೂ ಮೊದಲೇ ಸಿಡಿದ ಕಿಡಿ

ಎದುರು ಸೀಟಿನ ಹೆಂಗಸಿನ ಮೂಗಿನ ಮೇಲೆ ಕುಂಕುಮ ಉದುರಿದೆ, ಪಾಪ ಆಕೆಗೆ ಗೊತ್ತಿಲ್ಲ, ಹೇಳಬೇಕೋ ಬೇಡವೋ, ಹೇಳಿದರೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡುತ್ತಾರೆ, ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದಾಗಿನಿಂದ ಕುಸುಮಾ ಅದನ್ನೇ ನೋಡುತ್ತಿದ್ದಾಳೆ — ನೋಡುವುದಕ್ಕೆ ಫೋನಿದೆ, ಆದರೆ ಫೋನ್ ತೆಗೆದರೆ ಆ ಮೇಲ್ ಕಾಣುತ್ತದೆ, ಏಳೂವರೆಗೆ ಉಪ್ಪಿಟ್ಟು ತಳ ಹಿಡಿಯುತ್ತಿರುವಾಗ ಒಂದೇ ಕೈಯಲ್ಲಿ ಟೈಪಿಸಿ ಲ್ಯಾಬಿನ ಮುಖ್ಯಸ್ಥೆ ಮಾಲವಿಕಾ ಮೇಡಂಗೆ ಕಳಿಸಿದ್ದು, ಎರಡೇ ಸಾಲು, ನಮ್ಮ ಸ್ಪಾರ್ಕ್ ಗ್ಯಾಪನ್ನು ಸುಧೀಂದ್ರ ಅವರು ಬೇಕೆಂದೇ ಕೆಡಿಸುತ್ತಿದ್ದಾರೆ ಎಂದು ನನ್ನ ಅನುಮಾನ, ದಯವಿಟ್ಟು ವಿಚಾರಿಸಿ. ಹನ್ನೊಂದಕ್ಕೆ ಮೀಟಿಂಗ್. ತಾನು, ಸುಧೀಂದ್ರ, ಇಬ್ಬರಲ್ಲಿ ಒಬ್ಬರ ಕೆಲಸ ಮಾತ್ರ ಕಾಯಂ ಆಗುತ್ತದೆ, ಇನ್ನೊಬ್ಬರು ಮಾರ್ಚಿಗೆ ಗಂಟುಮೂಟೆ ಕಟ್ಟಬೇಕು. ಕಳಿಸಿದ್ದು ಸರಿ. ಸರಿಯೇ ಇರಬೇಕು, ಸುಮ್ಮನೆ ಕೂತರೆ ತಲೆ ಮೇಲೆ ಮೆಣಸು ಅರೆಯುತ್ತಾರೆ.

ಅತ್ತಿಗುಪ್ಪೆ ಬಂತು, ಇಳಿಯುವವರಿಗಿಂತ ಹತ್ತುವವರೇ ಹೆಚ್ಚು, ಯಾರದೋ ಬ್ಯಾಗು ಮೊಣಕಾಲಿಗೆ ತಗುಲಿತು — ಕೆಲಸವಾದರೂ ಎಷ್ಟು ಸರಳ, ಎರಡು ಹಿತ್ತಾಳೆ ಗುಂಡು, ಒಂದರ ಮೇಲೊಂದು, ನಡುವೆ ಕಿರುಬೆರಳು ತೂರುವಷ್ಟು ಜಾಗ, ಮೇಲಿನ ಗುಂಡಿಗೆ ನಲವತ್ತು ಸಾವಿರ ವೋಲ್ಟ್ ಏರಿಸಿ, ಇನ್ನು ಸ್ವಲ್ಪ ಏರಿಸಿದರೆ ತಾನೇ ಸಿಡಿಯುತ್ತದೆ ಎನ್ನುವ ಅಂಚಿಗೆ ತಂದು ನಿಲ್ಲಿಸಬೇಕು, ಅಷ್ಟು ಅವಳ ಪಾಲು. ಆಮೇಲೆ ಸುಧೀಂದ್ರನ ಲೇಸರ್ ಆ ಸಂದಿಗೆ ಒಂದು ಚುಕ್ಕೆ ಬೆಳಕು ಹೊಡೆದರೆ ಅಲ್ಲಿನ ಗಾಳಿಯೇ ವಿದ್ಯುತ್ತಿಗೆ ದಾರಿಯಾಗಿ, ಛಟ್ ಎಂದು ಕಿಡಿ. ಬೆಳಕು ಹೇಳಿದ ಗಳಿಗೆಗೇ ಸಿಡಿಯಬೇಕು, ಒಂದು ಚೂರೂ ಮುಂಚೆ ಅಲ್ಲ. ಆಯುಧಪೂಜೆವರೆಗೆ ಹತ್ತಕ್ಕೆ ಹತ್ತೂ ಹೇಳಿದ ಮಾತು ಕೇಳುತ್ತಿತ್ತು. ಹಬ್ಬ ಮುಗಿಸಿ ಬಂದರೆ ಹತ್ತರಲ್ಲಿ ಮೂರು, ಒಮ್ಮೊಮ್ಮೆ ನಾಲ್ಕು, ಲೇಸರಿಗೆ ಕಾಯದೆ ತಾವೇ ಸಿಡಿಯುತ್ತಿವೆ, ಲೇಸರ್ ಚೆನ್ನಾಗಿದೆ ಗ್ಯಾಪ್ ಸರಿಯಿಲ್ಲ ಅಂತ ಮೇಡಂ ಎಲ್ಲರೆದುರಿಗೆ ಹೇಳಿದರು, ಗ್ಯಾಪ್ ಯಾರದು, ಕುಸುಮಾಳದು, ಲಾಭ ಯಾರಿಗೆ? ಎರಡಕ್ಕೆ ಎರಡು ಕೂಡಿಸಲು ಇಂಜಿನಿಯರಿಂಗ್ ಓದಬೇಕಿಲ್ಲ.

ನಾಯಂಡಹಳ್ಳಿ, ವೃಷಭಾವತಿಯ ವಾಸನೆ ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗಿತು, ಎಲ್ಲರೂ ಮೂಗು ಮುಚ್ಚಿದರು, ಆ ಹೆಂಗಸು ಮಾತ್ರ ಮುಚ್ಚಲಿಲ್ಲ, ಕುಂಕುಮ ಹಾಗೇ ಇದೆ — ಒಂಬತ್ತೂವರೆಗೆ ಬರುತ್ತಿದ್ದವನು ಈಗ ಎಂಟಕ್ಕೇ ಬಂದು ಕೂತಿರುತ್ತಾನಂತೆ, ಗೇಟಿನ ದ್ಯಾಮಪ್ಪ ತಾನಾಗಿ ಹೇಳಿದ, ಸುಧೀಂದ್ರ ಸಾರ್ ಈಚೆಗೆ ಭಾರಿ ಬೇಗ ಬರ್ತಾರೆ ಕಣಮ್ಮ, ಬಾಗ್ಲು ಬೇರೆ ಹಾಕ್ಕೋತಾರೆ. ಯಾಕೆ ಹಾಕಿಕೊಳ್ಳಬೇಕು? ಮಂಗಳವಾರ ಅವಳೂ ಬೇಗ ಹೋಗಿ ಬಾಗಿಲು ತಳ್ಳಿದರೆ, ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಗುಂಡಿಗೆ ಸಿಕ್ಕಿಸಿದೆ, ಇವನು ಟಾರ್ಚ್ ಹಿಡಿದು ಅವಳ ಗ್ಯಾಪಿನೊಳಗೆ ಬಗ್ಗಿದ್ದಾನೆ, ಬೆಚ್ಚಿಬಿದ್ದು ಕೈಯಲ್ಲಿದ್ದುದನ್ನು ಜೇಬಿಗೆ ತುರುಕಿದ, ಹತ್ತಿ, ಬಿಳಿ ಹತ್ತಿ, ಅದರ ಮೇಲೆ ಕೆಂಪು. ಕೈ ಕುಯ್ದುಕೊಂಡ್ರಾ ಸುಧೀಂದ್ರ? ಏನಿಲ್ಲ ಮೇಡಂ, ಧೂಳು ಅಷ್ಟೆ. ಧೂಳು ಕೆಂಪಗಿರುತ್ತದೆಯೇ, ಮಧ್ಯಾಹ್ನ ಊಟದಲ್ಲಿ ಅವನ ಹತ್ತೂ ಬೆರಳು ನೋಡಿದಳು, ಒಂದು ಗೀರೂ ಇಲ್ಲ, ಸಾರಿಗೆ ಕೈ ಹಾಕಿ ಉಣ್ಣುತ್ತಿದ್ದಾನೆ, ಸುಳ್ಳ. ಹಬ್ಬದ ಮಾರನೇ ದಿನವೂ ಒಂದು ಥರ ಕೇಳಿದ್ದ, ಪೂಜೆ ಆದ್ಮೇಲೆ ಗುಂಡು ಒರೆಸಿದ್ರಾ ಮೇಡಂ? ಒರೆಸದೆ ಬಿಡ್ತೀನಾ, ನನಗೆ ಕೆಲಸ ಹೇಳಿಕೊಡ್ತೀರಾ ಅಂತ ಜೋರಾಗಿಯೇ ಅಂದಿದ್ದಳು, ಅವನು ಸಪ್ಪಗಾಗಿ ಸರಿ ಸರಿ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಒರೆಸಿದ್ದಳು. ನಿಜವಾಗಿ ಒರೆಸಿದ್ದಳು. ಹಬ್ಬದ ದಿನ ಎಲ್ಲರೂ ಹೊರಗಿನ ಕ್ಯಾಬಿನೆಟ್ಟಿಗೆ ವಿಭೂತಿ ಎಳೆದು, ಹೂವು ಸಿಕ್ಕಿಸಿ, ಪುರಿ ಕಡಲೆ ಹಂಚಿ ಮುಗಿಸಿದರು, ಆದರೆ ಅತ್ತೆ ಲಿಂಗಮ್ಮ ಬೆಳಿಗ್ಗೆ ಕುಂಕುಮದ ಪೊಟ್ಟಣ ಕೊಡುವಾಗಲೇ ಹೇಳಿದ್ದರು, ಡಬ್ಬಕ್ಕೆ ಇಟ್ರೆ ಏನು ಬಂತವ್ವ, ನಿಂಗೆ ಅನ್ನ ಕೊಡೋದು ಯಾವ್ದೋ ಅದ್ಕೇ ಇಡು. ಸರಿಯೇ ಅನ್ನಿಸಿತ್ತು, ಎಲ್ಲರೂ ಪುರಿ ತಿನ್ನುವಾಗ ಕೋಲು ಮುಟ್ಟಿಸಿ, ಒಳಗೆ ಕೈ ಹಾಕಿ, ಮೇಲಿನ ಗುಂಡಿಗೆ ಉಂಗುರದ ಬೆರಳಿನಿಂದ ಒಂದು ಬೊಟ್ಟು, ಕೈಮುಗಿದು, ಈ ಸಲ ಕೆಲಸ ಕಾಯಂ ಮಾಡಪ್ಪ ಎಂದು ಬೇಡಿಕೊಂಡು, ಮಾರನೇ ದಿನ ಸ್ಪಿರಿಟ್ಟಿನಲ್ಲಿ ತಿಕ್ಕಿ ತಿಕ್ಕಿ ಮೇಲಿನ ಗುಂಡನ್ನು ಫಳಫಳ ಮಾಡಿದ್ದಳು — ಆಂಟೀ, ನಿಮ್ ಮೂಗಿನ ಮೇಲೆ ಕುಂಕುಮ, ಬಾಗಿಲ ಬಳಿಯ ಹುಡುಗಿಯೊಬ್ಬಳು ಹೇಳಿಯೇಬಿಟ್ಟಳು, ಯಾರೂ ತಿರುಗಿ ನೋಡಲಿಲ್ಲ, ಆ ಹೆಂಗಸು ನಕ್ಕು, ಅಯ್ಯೋ ಹೌದಾ, ಇಟ್ಟಿದ್ದು ಹಣೆಗಮ್ಮ, ಅದು ಕೆಳಕ್ಕೇ ತಾನೆ ಉದುರೋದು ಅನ್ನುತ್ತಾ ಕರ್ಚೀಫಿನಿಂದ ಒರೆಸಿ ನೋಡಿಕೊಂಡಳು, ಬಿಳಿ ಬಟ್ಟೆ, ಅದರ ಮೇಲೆ ಕೆಂಪು.

ಕೆಳಕ್ಕೇ. ಇಟ್ಟಿದ್ದು ಮೇಲಿನ ಗುಂಡಿಗೆ, ಒರೆಸಿದ್ದು ಮೇಲಿನದನ್ನು, ಕೆಳಗಿನದನ್ನು — ಕೆಳಗಿನದನ್ನು ಮುಟ್ಟಿರಲಿಲ್ಲ, ಅದಕ್ಕೇನೂ ಇಟ್ಟಿರಲಿಲ್ಲವಲ್ಲ, ಮೇಲಿನದರ ತಿರುಪಿನ ಹಳ್ಳದಲ್ಲಿ ಕೂತ ಪುಡಿ ಪ್ರತಿ ಸಿಡಿತಕ್ಕೂ ಅದುರಿ, ಕಣ ಕಣವಾಗಿ ಕೆಳಗಿನ ಗುಂಡಿನ ನೆತ್ತಿಗೆ, ಆ ಸಂದಿಗೇ, ಒಂದು ಕಣ ಧೂಳು ಸಾಕು ಬೆಳಕಿಗಿಂತ ಮೊದಲೇ ಸಿಡಿಯಲು, ಇದನ್ನು ಹೊಸಬರಿಗೆ ಪಾಠ ಹೇಳುವವಳೇ ಅವಳು. ಅದನ್ನೇ ಅವನು ದಿನಾ ಎಂಟಕ್ಕೆ ಬಂದು, ಬಾಗಿಲು ಹಾಕಿಕೊಂಡು, ಯಾರಿಗೂ ಕಾಣದಂತೆ ಒರೆಸಿ, ಕೇಳಿದರೆ ಧೂಳು ಎಂದಷ್ಟೇ ಹೇಳಿ, ನಾಲ್ಕು ಜನರೆದುರಿಗೆ ಹೇಳಿಬಿಟ್ಟಿದ್ದರೆ ಅವನ ಕೆಲಸ ಆವತ್ತೇ ಕಾಯಂ — ಕೈ ತನ್ನಷ್ಟಕ್ಕೆ ಹೆಗಲು ಮುಟ್ಟಿಕೊಂಡಿದೆ, ಮೇಲ್ ವಾಪಸು ಪಡೆಯಬಹುದೇ, ಮೇಡಂ ಇನ್ನೂ ನೋಡಿರಲಿಕ್ಕಿಲ್ಲ, ಪಟ್ಟಣಗೆರೆ ಬಂತು, ಫೋನ್ ತೆಗೆದಳು, ತೆಗೆಯುವಷ್ಟರಲ್ಲಿ ಅದೇ ಅದುರಿತು, ಮಾಲವಿಕಾ ಮೇಡಂ. ಕುಸುಮಾ, ಮೇಲ್ ನೋಡ್ದೆ, ಸುಧೀಂದ್ರ ಎದುರಿಗೇ ನಿಂತಿದಾರೆ, ಗ್ಯಾಪಿಗೆ ಕೈ ಹಾಕಿದ್ದು ನಿಜ ಅಂತಾರೆ, ಯಾಕೆ ಅಂದ್ರೆ ಬಾಯೇ ಬಿಡ್ತಿಲ್ಲ, ಜೇಬು ತೋರ್ಸಿ ಅಂದ್ರೆ ಬರೀ ಹತ್ತಿ, ಏನ್ರೀ ಇದು ಕೆಂಪಗೆ, ನಿಮಗೇನಾದ್ರೂ ಗೊತ್ತಾ? ಹಲೋ? ಕುಸುಮಾ? — ಹೇಳಬೇಕು, ಈಗಲೇ, ಬಿಳಿ ಹತ್ತಿ, ಬಿಳಿ ಹತ್ತಿ, ಅದರ ಮೇಲೆ ಅವಳ ಬೆರಳಿನ ಕೆಂಪು