ಮೂರನೆಯ ಬಾಟಲಿ

ಕಾಸರಕೋಡಿನ ರಮಾನಂದನ ಮನೆಗೆ ಹೆಣ್ಣು ನೋಡುವವರು ಬಂದದ್ದು ಅದೇ ಮೊದಲಲ್ಲ. ಮಗಳು ಧನ್ಯಾ ಹೊನ್ನಾವರದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು, ವಯಸ್ಸು ಮೂವತ್ತು ದಾಟಿತ್ತು. ಹಿಂದೆ ಬಂದವರಲ್ಲಿ ಒಬ್ಬನಿಗೆ ಅವಳು ನೌಕರಿ ಬಿಡಬೇಕಿತ್ತು. ಇನ್ನೊಬ್ಬ ಮಾತಾಡಿದ ಅಷ್ಟೂ ಹೊತ್ತು ಫೋನಿನಿಂದ ಕಣ್ಣೆತ್ತಿರಲಿಲ್ಲ. ಹಾಗಾಗಿ ಈ ಸಲ ಅಮ್ಮ ಮಾಲತಿ ಹೆಚ್ಚಿನ ಆಸೆ ಇಟ್ಟುಕೊಳ್ಳದೆ, ಆದರೆ ಅವಲಕ್ಕಿಗೆ ತೆಂಗಿನಕಾಯಿ ಮಾತ್ರ ಧಾರಾಳವಾಗಿ ತುರಿದು, ದಾರಿ ನೋಡುತ್ತ ನಿಂತಿದ್ದಳು.

ಹುಡುಗನ ಹೆಸರು ಸಂತೋಷ. ಊರು ಭಟ್ಕಳ, ಕೆಲಸ ಕುಮಟಾದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುವುದು. ತೆಳ್ಳಗೆ, ಎತ್ತರಕ್ಕೆ ಇದ್ದ. ಚಾ ಕುಡಿದಾದ ಮೇಲೆ ಹಿರಿಯರು ಎಂದಿನಂತೆ ಇಬ್ಬರನ್ನೂ ಹೊರಗಿನ ಜಗುಲಿಗೆ ಕಳಿಸಿದರು. ಒಣಮೀನಿನ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು. ಏಪ್ರಿಲ್ ತಿಂಗಳು, ಗಾಳಿಯಿದ್ದರೂ ಸೆಖೆ ತಡೆಯುವಂತಿರಲಿಲ್ಲ. ಈ ವರ್ಷದ ಸೆಖೆಯಿಂದಲೇ ಮಾತು ಶುರುವಾಯಿತು. ಹವೆ ಬಿಸಿಯಾಗುತ್ತಿರುವ ಬಗ್ಗೆ ತಾನು ಮಕ್ಕಳಿಗೆ ಪ್ರತಿವರ್ಷ ಪ್ರಯೋಗ ಮಾಡಿ ತೋರಿಸುತ್ತೇನೆ ಎಂದು ಧನ್ಯಾ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಇಂಗಾಲದ ಡೈಆಕ್ಸೈಡ್ ಹೆಚ್ಚಾದಷ್ಟೂ ಭೂಮಿಯ ಶಾಖ ಹೊರಗೆ ಹೋಗುವುದು ಕಷ್ಟವಾಗುತ್ತದೆ ಎಂದಳು.

ಸಂತೋಷ ತಲೆಯಾಡಿಸಲಿಲ್ಲ. ಸ್ವಲ್ಪ ಯೋಚಿಸಿ, ಬಹಳ ಮರ್ಯಾದೆಯಿಂದ ಹೇಳಿದ:

"ನಮ್ಮ ಎಕ್ಸ್‌-ರೇ ಕೋಣೆ ಗೋಡೆಗೆ ಸೀಸದ ಹಾಳೆ ಹೊಡ್ದದೆ. ಅದು ಬಂದ ಕಿರಣನೆಲ್ಲ ನಿಲ್ಲಿಸ್ತದೆ. ಅದ್ರ ಮೇಲೆ ಇನ್ನೊಂದು ಹಾಳೆ ಹೊಡೆದ್ರೆ ಎಂತ ಆತು? ಎಂತದೂ ಇಲ್ಲ. ನಿಲ್ಲಿಸ್ಲಿಕ್ಕೆ ಕಿರಣನೇ ಉಳೀಲಿಲ್ಲ. ನಿಮ್ಮ ಗ್ಯಾಸೂ ಹಾಂಗೇ ಅಲ್ದಾ? ಅದು ತಡೆಯುವ ಶಾಖನೆಲ್ಲ ಈಗಾಗ್ಲೇ ತಡೆದಾಗದೆ. ಇನ್ನಷ್ಟು ಸೇರ್ಸಿದ್ರೆ ಹೆಚ್ಚಾಗೂದು ಎಂತ?"

ಅವನು ಹೇಳಿದ್ದು ತಪ್ಪು ಎಂದು ಧನ್ಯಾಳಿಗೆ ಗೊತ್ತಿತ್ತು, ಯಾಕೆ ತಪ್ಪು ಎಂದು ಮಾತ್ರ ಗೊತ್ತಿರಲಿಲ್ಲ. ಇಷ್ಟು ವರ್ಷ ಕಲಿಸಿದ ವಿಷಯದಲ್ಲಿ ಹೀಗೆ ಕಟ್ಟಿಹಾಕಿಸಿಕೊಂಡದ್ದು ಅವಳಿಗೆ ತಡೆಯಲಾಗದ ಸಿಟ್ಟು ತಂದಿತು. ಆ ಸಿಟ್ಟು ತನ್ನ ಮೇಲೋ ಅವನ ಮೇಲೋ ಎಂದು ಬಿಡಿಸಿ ನೋಡುವಷ್ಟು ವ್ಯವಧಾನ ಆಗ ಇರಲಿಲ್ಲ. ಬಂದವರು ಹೋದ ಮೇಲೆ ಅಮ್ಮನಿಗೆ ಈ ಸಂಬಂಧ ಬೇಡ ಎಂದುಬಿಟ್ಟಳು. ಯಾಕೆಂದು ಅಮ್ಮ ಬೆನ್ನುಬಿದ್ದು ಕೇಳಿದಾಗ ಗ್ಯಾಸಿನ ವಿಷಯದಲ್ಲಿ ಹೊಂದಲಿಲ್ಲ ಎಂದಳು. ಮಾಲತಿ ಅದನ್ನು ಹಾಗೆಯೇ ಸಂಬಂಧ ತಂದ ಬಂಗಾರಿಯತ್ತೆಗೆ ಹೇಳಿದಳು. ಬಂಗಾರಿಯತ್ತೆ, ಕುಮಟಾದ ಬಾಡಿಗೆಮನೆಯಲ್ಲಿ ಎರಡು ಸಿಲಿಂಡರ್ ಇದೆಯೆಂದೂ ಅಡುಗೆಗೆ ಏನೂ ತೊಂದರೆಯಾಗದೆಂದೂ ವಿಚಾರಿಸಿ ತಿಳಿಸಿದಳು.

ಆದರೆ ಸೀಸದ ಹಾಳೆ ಧನ್ಯಾಳ ತಲೆಯಿಂದ ಹೋಗಲಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ ಕಿಟಕಿಗೆ ಒರಗಿದಾಗ, ಆ ಮೆಲುದನಿಯ ಪ್ರಶ್ನೆ ಮತ್ತೆ ಮತ್ತೆ ಎದುರಿಗೆ ಬಂದು ಕೂರುತ್ತಿತ್ತು. ಕೊನೆಗೆ ಅವಳೇ ಬಂಗಾರಿಯತ್ತೆಯಿಂದ ನಂಬರು ಪಡೆದು, ಶನಿವಾರ ಮಧ್ಯಾಹ್ನ ಪುರುಸೊತ್ತಿದ್ದರೆ ಕಾಲೇಜಿಗೆ ಬನ್ನಿ, ಪ್ರಯೋಗವನ್ನೇ ತೋರಿಸುತ್ತೇನೆ ಎಂದು ಸಂದೇಶ ಕಳಿಸಿದಳು. ಬರುತ್ತೇನೆ ಎಂದು ಅವನು ಆಗಲೇ ಉತ್ತರಿಸಿದ.

ಪ್ರಯೋಗ ಸರಳ. ಒಂದೇ ಅಳತೆಯ ಎರಡು ಬಾಟಲಿ, ಮುಚ್ಚಳದಲ್ಲಿ ತೂರಿಸಿದ ಥರ್ಮಾಮೀಟರ್. ಒಂದರಲ್ಲಿ ಬರಿ ಗಾಳಿ, ಇನ್ನೊಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಹಿಡಿದ ಇಂಗಾಲದ ಡೈಆಕ್ಸೈಡ್. ಎರಡನ್ನೂ ಪ್ರಯೋಗಾಲಯದ ಹೊರಗಿನ ಬಿಸಿಲಿಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಎರಡನೆಯ ಬಾಟಲಿಯ ಪಾದರಸ ಮೊದಲನೆಯದಕ್ಕಿಂತ ಮೇಲೇರಿ ನಿಂತಿತು. ಧನ್ಯಾ ಅವನ ಮುಖ ನೋಡಿದಳು. ಗೆದ್ದ ಖುಷಿ ಅವಳಿಗೆ ಮುಚ್ಚಿಡಲು ಬರುತ್ತಿರಲಿಲ್ಲ.

ಸಂತೋಷ ಬಗ್ಗಿ ಎರಡೂ ಥರ್ಮಾಮೀಟರ್ ಓದಿದ. ಹೆಚ್ಚು ಬಿಸಿಯಾದದ್ದು ಖರೆ ಎಂದು ಒಪ್ಪಿದ. ಆಮೇಲೆ, ಈ ಗ್ಯಾಸು ಗಾಳಿಗಿಂತ ಭಾರವಲ್ಲವೇ ಎಂದು ಕೇಳಿದ. ಭಾರವಾದ ಗ್ಯಾಸು ಬಾಟಲಿಯೊಳಗೆ ನಿಧಾನವಾಗಿ ಸುತ್ತುತ್ತದೆ, ಶಾಖ ಬೇಗ ಬಿಟ್ಟುಕೊಡುವುದಿಲ್ಲ, ಅದಕ್ಕೇ ಬಿಸಿ ನಿಂತಿರಬಹುದಲ್ಲ ಎಂದ. ಹಾಗಾದರೆ ಅದು ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಇಬ್ಬರೂ ಕೂತು ಯೋಚಿಸಿದರು. ಶಾಖದ ಕಿರಣವನ್ನು ಸ್ವಲ್ಪವೂ ಹಿಡಿಯದ, ಆದರೆ ಭಾರವಾದ ಗ್ಯಾಸು ಬೇಕಿತ್ತು. ಆರ್ಗಾನ್ ಎಂದು ಹೇಳಿದ್ದು ಧನ್ಯಾ. ಅದು ವೆಲ್ಡಿಂಗ್ ಅಂಗಡಿಯಲ್ಲಿ ಸಿಗುತ್ತದೆ ಎಂದದ್ದು ಸಂತೋಷ.

ಕಾಸರಕೋಡಿನ ಬಂದರಿನ ಹತ್ತಿರ ದೋಣಿಗಳ ಸ್ಟೀಲು ಸಾಮಾನಿಗೆ ಬೆಸುಗೆ ಹಾಕುವ ಸಣ್ಣ ಎಂಬವನ ಅಂಗಡಿಯಿತ್ತು. ಅವನು ಧನ್ಯಾಳ ಅಪ್ಪನ ಗೆಳೆಯ. ಅದೇ ಅಳತೆಯ ಮೂರನೆಯ ಬಾಟಲಿಗೆ ಆರ್ಗಾನ್ ತುಂಬಿಸಿಕೊಡು ಎಂದಾಗ ಇಬ್ಬರನ್ನೂ ಒಮ್ಮೆ ನೋಡಿ, ಏನೂ ಕೇಳದೆ ಕೊಳವೆ ಹಚ್ಚಿದ. ಸಂಜೆಯೊಳಗೆ ಆ ಸುದ್ದಿ ಮಾಲತಿಗೆ ತಲುಪಿತ್ತು ಎಂಬುದು ಬೇರೆ ಮಾತು.

ಕಾಲೇಜಿಗೆ ಮರಳಿ ಮೂರೂ ಬಾಟಲಿಗಳನ್ನು ಮತ್ತೆ ಬಿಸಿಲಿಗಿಟ್ಟರು. ಆರ್ಗಾನ್ ಬಾಟಲಿ ಇಂಗಾಲದ ಡೈಆಕ್ಸೈಡಿನ ಬಾಟಲಿಯ ಸರಿಸಮಕ್ಕೆ ಬಿಸಿಯಾಯಿತು. ಅವರು ಜಾಗ ಅದಲುಬದಲು ಮಾಡಿ ನೋಡಿದರು. ಆಗಲೂ ಅಷ್ಟೇ. ಅಂದರೆ ಅವಳು ವರ್ಷವರ್ಷವೂ ಮಕ್ಕಳಿಗೆ ತೋರಿಸುತ್ತಿದ್ದ ಬಿಸಿಗೂ ಹಸಿರುಮನೆ ಪರಿಣಾಮಕ್ಕೂ ಹೆಚ್ಚಿನ ಸಂಬಂಧವೇ ಇರಲಿಲ್ಲ.

ಧನ್ಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಈಗ ಇವನು ನಗುತ್ತಾನೆ, ಅಥವಾ ನಾನು ಹೇಳಿರಲಿಲ್ಲವೇ ಎನ್ನುತ್ತಾನೆ ಎಂದು ಕಾದಳು. ಅವನು ಎರಡನ್ನೂ ಮಾಡಲಿಲ್ಲ. ವಿನೆಗರ್ ವಾಸನೆಯ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ, ಥರ್ಮಾಮೀಟರುಗಳನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ.

"ಇದ್ರಿಂದ ನಾನು ಗೆದ್ದೆ ಅಂತ ಆಗೂದಿಲ್ಲ," ಅಂದ. "ಈ ಬಾಟ್ಲಿ ಎರಡು ಕಡೆಗೂ ಸಾಕ್ಷಿ ಹೇಳೂದಿಲ್ಲ, ಅಷ್ಟೇ. ನನ್ನ ಪ್ರಶ್ನೆ ಹಾಂಗೇ ಉಳೀತು."

ಅವನು ಬಸ್ಸು ಹಿಡಿಯಲು ಹೋದ ಮೇಲೆ, ಇಂಥವನ ಜೊತೆ ಜಗಳವಾಡಿದರೂ ಭಯವಿಲ್ಲ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಒಬ್ಬಳೇ ನಾಚಿಕೊಂಡಳು.

ಸೋಮವಾರ ರಜೆಯ ವಿಶೇಷ ತರಗತಿಗೆ ಬಂದ ಮಕ್ಕಳಿಗೆ ಅವಳು ನಡೆದದ್ದನ್ನು ಹೇಳಿದಳು. ಹಾಗಾದರೆ ಭೂಮಿ ಬಿಸಿಯಾಗುವುದು ಸುಳ್ಳಾ ಮಿಸ್, ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಸುಳ್ಳಲ್ಲ, ನಾನು ತೋರಿಸಿದ ದಾರಿ ಸರಿಯಿರಲಿಲ್ಲ, ಸರಿಯಾದ ದಾರಿ ಹುಡುಕಿಕೊಂಡು ಬಂದು ಹೇಳುತ್ತೇನೆ ಎಂದಳು. ಮುಂದಿನ ಕೆಲವು ವಾರ ಅದೇ ಧ್ಯಾನ. ಎಂ.ಎಸ್ಸಿ.ಯ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದಳು, ತನಗೆ ಕಲಿಸಿದ ಪ್ರಾಧ್ಯಾಪಕಿಗೆ ಫೋನು ಮಾಡಿ ತಲೆ ತಿಂದಳು. ಊಟಕ್ಕೆ ಕರೆದರೆ ಕಿವಿಗೆ ಬೀಳುತ್ತಿರಲಿಲ್ಲ. ಅರ್ಥವಾದ ದಿನ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೈಯಲ್ಲಿದ್ದ ಸೀರೆಯನ್ನು ಹಾಗೇ ಬಕೆಟ್ಟಿಗೆ ಹಾಕಿ ಒಳಗೋಡಿ ಸಂತೋಷನಿಗೆ ಫೋನು ಮಾಡಿದಳು, ಮಕ್ಕಳ ಮುಂದೆ ತಪ್ಪೊಪ್ಪಿಕೊಂಡದ್ದನ್ನೂ ಹೇಳಿದಳು.

ಭಾನುವಾರ ಅಪ್ಸರಕೊಂಡದಲ್ಲಿ ಭೇಟಿಯಾದರು. ಮಳೆ ಇನ್ನೂ ಹಿಡಿದಿರಲಿಲ್ಲ, ಜಲಪಾತದಲ್ಲಿ ನೀರು ಸಣ್ಣಗಿತ್ತು, ಪ್ರವಾಸಿಗರೂ ಕಡಿಮೆ. ಗುಡ್ಡದ ಮೇಲೆ ಸಮುದ್ರ ಕಾಣುವ ಕಡೆ ಕಲ್ಲುಬೆಂಚಿನಲ್ಲಿ ಕೂತರು. ಧನ್ಯಾ ಹೊಸ ಚೂಡಿದಾರ ಹಾಕಿದ್ದಳು, ಅವನು ಇಸ್ತ್ರಿ ಮಾಡಿದ ಅಂಗಿ. ಅದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ಆ ಮಾತೆತ್ತಲಿಲ್ಲ.

"ನಿಮ್ಮ ಸೀಸ ಕಿರಣನ ನುಂಗಿ ಸುಮ್ನೆ ಕೂರ್ತದೆ," ಎಂದು ಶುರುಮಾಡಿದಳು ಧನ್ಯಾ. "ಗಾಳಿ ಹಾಂಗಲ್ಲ. ನುಂಗಿದ ಶಾಖನ ತಿರುಗಿ ಕೊಡ್ತದೆ, ಮೇಲಕ್ಕೂ ಕೆಳಕ್ಕೂ. ಮೇಲಿನ ಪದರ ಅದನ್ನ ಹಿಡೀತದೆ, ಅದೂ ತಿರುಗಿ ಕೊಡ್ತದೆ. ಹಾಂಗೇ ಹತ್ತಿ ಹತ್ತಿ ಹೋಗೂದು."

"ಎಲ್ಲಿವರೆಗೆ?"

"ಮೇಲೆ ಹೋದಷ್ಟೂ ಗಾಳಿ ತೆಳು. ಒಂದು ಎತ್ತರ ದಾಟಿದ್ರೆ ಹಿಡೀಲಿಕ್ಕೆ ಗ್ಯಾಸೇ ಸಾಕಾಗೂದಿಲ್ಲ. ಅಲ್ಲಿಂದ ಶಾಖ ಆಕಾಶಕ್ಕೆ ಹೋಗ್ತದೆ. ಈಗ ಇನ್ನಷ್ಟು ಗ್ಯಾಸ್ ಸೇರ್ಸಿ. ಕೆಳಗೆ ಎಲ್ಲಾ ತಡೆದಾಗದೆ ಅಂದ್ರಿ, ಖರೆ. ಆದ್ರೆ ಆ ಮೇಲಿನ ತೆಳು ಜಾಗನೂ ದಪ್ಪ ಆತು. ಶಾಖ ತಪ್ಪಿಸಿಕೊಳ್ಳಲಿಕ್ಕೆ ಇನ್ನೂ ಮೇಲೆ ಹೋಗ್ಬೇಕು. ಅಲ್ಲಿ ಥಂಡಿ ಹೆಚ್ಚು. ಥಂಡಿ ಇದ್ದದ್ದು ಶಾಖ ಕಡಿಮೆ ಬಿಡ್ತದೆ."

ಸೂರ್ಯನಿಂದ ಬರುವುದು ಅಷ್ಟೇ ಇದ್ದು, ಹೊರಗೆ ಹೋಗುವುದು ಕಡಿಮೆಯಾದರೆ, ಎಂದು ಸಂತೋಷ ತನ್ನಷ್ಟಕ್ಕೆ ತಾನೇ ಮೆಲ್ಲಗೆ ಹೇಳಿಕೊಂಡ. ಮುಂದಿನದನ್ನು ಅವಳು ಹೇಳಬೇಕಾಗಲಿಲ್ಲ. ಹೋಗುವುದು ಬರುವುದಕ್ಕೆ ಸರಿಯಾಗುವ ತನಕ ಕೆಳಗೆಲ್ಲ ಬಿಸಿಯೇರಬೇಕು. ಆದರೂ ಅವನು ಒಮ್ಮೆಗೇ ಬಿಟ್ಟುಕೊಡಲಿಲ್ಲ. ಇದನ್ನು ಮೇಲಿನಿಂದ ಯಾರಾದರೂ ಅಳೆದಿದ್ದಾರೆಯೇ ಎಂದು ಕೇಳಿದ. ಉಪಗ್ರಹಗಳು ಅಳೆದಿವೆ, ಈ ಗ್ಯಾಸು ಹಿಡಿಯುವ ಕಿರಣಗಳು ಹಿಂದಿನದಕ್ಕಿಂತ ಈಗ ಕಡಿಮೆ ಹೊರಬೀಳುತ್ತಿವೆ ಎಂದು ಅವಳು ತಾನು ಓದಿದ್ದನ್ನು ಹೇಳಿದಳು. ಹಾಗಾದರೆ ಗ್ಯಾಸು ಎರಡರಷ್ಟಾದರೆ ಪರಿಣಾಮವೂ ಎರಡರಷ್ಟಾಗುತ್ತದೆಯೇ ಎಂದು ಮತ್ತೆ ಕೇಳಿದ. ಅಲ್ಲ, ಅಲ್ಲಿ ನಿಮ್ಮ ಮಾತಿನಲ್ಲೂ ಸ್ವಲ್ಪ ಹುರುಳಿದೆ ಎಂದಳು. ಸೇರಿಸಿದಷ್ಟಕ್ಕೆ ಸಿಗುವ ಹೆಚ್ಚಳ ಕಡಿಮೆಯಾಗುತ್ತ ಹೋಗುತ್ತದೆ, ಪ್ರತಿಸಲ ಇಮ್ಮಡಿಯಾದಾಗಲೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲು ಏರುತ್ತದೆ. ಆದರೆ ಏರುವುದು ನಿಲ್ಲುವುದಿಲ್ಲ.

ಕೆಳಗೆ ಒಂದು ದೋಣಿ ಬಂದರಿನ ಕಡೆ ತಿರುಗುತ್ತಿತ್ತು.

"ಹಾಂಗಾದ್ರೆ ನಾ ಹೇಳಿದ್ದು ತಪ್ಪು," ಅಂದ ಸಂತೋಷ. "ಆಸ್ಪತ್ರೆಲಿ ಎಷ್ಟು ಜನಕ್ಕೆ ಹೇಳಿಟ್ಟಿದ್ದೆ. ಈಗ ಎಲ್ಲರನ್ನೂ ಹಿಡಿದು ಅಲ್ಲ ಅಂತ ಹೇಳ್ಬೇಕು."

"ಹೇಳ್ತ್ರಾ?"

"ನೀವು ಮಕ್ಕಳಿಗೆ ಹೇಳ್ಲಿಲ್ವಾ?"

ಮುಂದಿನ ಮಾತನ್ನು ಧನ್ಯಾ ಸಾಯಂಕಾಲ ಮನೆಗೆ ಹೋಗಿ ಅಮ್ಮನ ಬಾಯಿಂದ ಹೇಳಿಸಬಹುದಿತ್ತು. ಆದರೆ ಅಷ್ಟು ಹೊತ್ತು ಕಾಯುವುದು ಅವಳಿಗೆ ಬೇಡವಾಯಿತು.

"ನಾನು ಆವಾಗ ಬೇಡ ಅಂದಿದ್ದೆ," ಅಂದಳು. "ಅದನ್ನೂ ತಿದ್ದಬೇಕು ಅಂತ ಇದ್ದೆ. ನಿಮಗೆ ಒಪ್ಪಿಗೆ ಇದ್ರೆ."

ಸಂತೋಷ ಅವಳ ಕಡೆ ತಿರುಗಿದ. ಇಷ್ಟು ಹೊತ್ತು ಒಂದರ ಮೇಲೊಂದು ಪ್ರಶ್ನೆ ಕೇಳಿದವನಿಗೆ ಈಗ ಒಂದೂ ಪ್ರಶ್ನೆ ಹೊಳೆಯಲಿಲ್ಲ.

"ಆತು," ಅಂದ. ಆಮೇಲೆ ಅಷ್ಟು ಸಾಲದೆಂದು ಅನಿಸಿತೇನೋ, ಆ ಮೊದಲ ದಿನವೇ ತನಗೆ ಒಪ್ಪಿಗೆಯಾಗಿತ್ತು, ಶನಿವಾರಕ್ಕೆ ಕರೆದ ಸಂದೇಶವನ್ನು ಎರಡು ಸಲ ಓದಿದ್ದೆ ಎಂದು ತಡವರಿಸುತ್ತ ಹೇಳಿದ.

ಗುಡ್ಡ ಇಳಿಯುವಾಗ ಅವಳ ಚಪ್ಪಲಿಯ ಪಟ್ಟಿ ಕಿತ್ತುಬಂತು. ಅವನು ಬೇಲಿಯಲ್ಲಿದ್ದ ಒಂದು ತುಂಡು ತಂತಿ ಹುಡುಕಿ, ಮೊಣಕಾಲೂರಿ ಕೂತು, ಎಕ್ಸ್‌-ರೇ ಹಾಳೆ ಹಿಡಿಯುವ ಜಾಗ್ರತೆಯಿಂದಲೇ ಅದನ್ನು ಬಿಗಿದುಕೊಟ್ಟ. ಅವಳು ಅವನ ಹೆಗಲಿಗೆ ಕೈಕೊಟ್ಟು ಒಂಟಿ ಕಾಲಲ್ಲಿ ನಿಂತಿದ್ದಳು. ತಂತಿ ರಸ್ತೆಯವರೆಗೂ ತಾಳಿತು, ಆದರೆ ಅವಳು ಕೈ ತೆಗೆದದ್ದು ಬಸ್ಸು ಬಂದ ಮೇಲೆಯೇ.