ಗೋಡೆಯಿಲ್ಲದ ನೀರು

ಭಾಗೀರಥಿಯ ಕೈಚೀಲದ ಒಳಜೇಬಿನಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ಅಣ್ಣನಿಗೆ ಕೇಳಬೇಕಾದ ಏಳು ಪ್ರಶ್ನೆಗಳನ್ನು ಕ್ರಮಸಂಖ್ಯೆ ಹಾಕಿ ಬರೆದುಕೊಂಡಿದ್ದಳು. ಇನ್ನೊಂದು ಖಾಲಿ; ಅದು ಅಣ್ಣ ಬರೆಯಬೇಕಾದದ್ದು. ಅವನು ಊರಿಗೆ ಬರುತ್ತೇನೆ ಎಂದುಬಿಟ್ಟರೆ ಆ ಖಾಲಿ ಹಾಳೆಯನ್ನು ಹೊರಗೆ ತೆಗೆಯುವ ಪ್ರಸಂಗವೇ ಬಾರದು. ಪ್ರಶ್ನೆಗಳನ್ನು ಅವಳು ಜೋಡಿಸಿದ್ದೂ ಹಾಗೆಯೇ. ಮೊದಲನೆಯದಕ್ಕೆ ಹೌದೆಂದವನು ಎರಡನೆಯದಕ್ಕೆ ಇಲ್ಲವೆನ್ನಲಾರ. ಏಳನೆಯದನ್ನು ಮುಟ್ಟುವ ಹೊತ್ತಿಗೆ ಅವನ ಮನಸ್ಸು ಭಾಲ್ಕಿಯ ನಿಲ್ದಾಣದಲ್ಲಿ ಇಳಿದಿರಬೇಕು.

ಆದರೆ ಪುಯೆರ್ಟೊ ಎಸ್ಕೊಂಡಿಡೊ ಎಂಬ ಆ ಮೆಕ್ಸಿಕೊದ ಕಡಲೂರಿನಲ್ಲಿ ಅಣ್ಣ ಗೋರಖನಾಥನನ್ನು ಒಂದು ಕಡೆ ಕೂರಿಸುವುದೇ ಸಾಧ್ಯವಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ಇಳಿದವಳು ಮಧ್ಯಾಹ್ನ ಎರಡಾದರೂ ಮೊದಲ ಪ್ರಶ್ನೆಯನ್ನು ದಾಟಿರಲಿಲ್ಲ. ಭಾನುವಾರ ಸಂಜೆ ಐದಕ್ಕೆ ಅವಳು ಹಿಂದಿರುಗಬೇಕು.

ತಾಳೆಗರಿಯ ಚಪ್ಪರದ ಕೆಳಗೆ ಅವನ ದುರಸ್ತಿಯ ಅಂಗಡಿ. ಅಲೆಯ ಮೇಲೆ ನಿಂತು ಜಾರುವ ಆಟಕ್ಕಾಗಿ ಲೋಕದ ಮೂಲೆಮೂಲೆಯಿಂದ ಆ ಊರಿಗೆ ಬಂದವರು ಮುರಿದ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಗೋರಖನಾಥ ಬಿರುಕಿನ ಅಂಚನ್ನು ಉಜ್ಜಿ, ಗಾಜಿನ ನಾರಿನ ಬಟ್ಟೆ ಹಾಸಿ, ಅದರ ಮೇಲೆ ರಾಳ ಸುರಿಯುತ್ತಿದ್ದ. ರಾಳ ಗಟ್ಟಿಯಾಗಲು ಬೆರೆಸುವ ದ್ರವವನ್ನು ಅವನು ಶೀಶೆಯಿಂದ ನೇರವಾಗಿ ಹಿಂಡುವುದನ್ನು ಕಂಡು ಭಾಗೀರಥಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಎಷ್ಟು ಹನಿ ಹಾಕ್ದಿ?"

"ಬಿಸಲು ನೋಡಿ ಹಾಕ್ತೇನಿ."

"ಬಿಸಲಿಗೂ ಒಂದು ಅಳತಿ ಇರ್ತದ."

"ನಿಮ್ಮ ಬೀದರ ಲ್ಯಾಬಿನ್ಯಾಗ ಇರ್ತದವ್ವಾ. ಇಲ್ಲಿ ನನ್ನ ಬೆನ್ನೇ ಥರ್ಮಾಮೀಟರ್." ಅವನು ನಕ್ಕು ಬೆನ್ನು ತಿರುಗಿಸಿ ತೋರಿಸಿದ. ಸುಲಿದ ಚರ್ಮದ ಮೇಲೆ ಹೊಸ ಚರ್ಮ ಬಂದು, ಅದೂ ಸುಲಿದಿತ್ತು.

ಬೀದರ ಜಿಲ್ಲೆಗೆ ಅದು ಸಾಲುಬರದ ವರ್ಷ, ಎರಡು ಸಾವಿರದ ಹದಿನಾರರ ಮೇ ತಿಂಗಳು. ಭಾಗೀರಥಿ ನೌಬಾದದಲ್ಲಿ ಕೋಣೆ ಹಿಡಿದುಕೊಂಡು ಕುಡಿಯುವ ನೀರಿನ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಳು. ಕೊಳವೆಬಾವಿಗಳು ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡ್ ಏರುತ್ತದೆಯೇ ಎಂದು ಔರಾದ ತಾಲೂಕಿನ ಬಾಟಲಿಗಳನ್ನು ಸಾಲಾಗಿಟ್ಟು ನೋಡುವುದು ಅವಳ ನಿತ್ಯದ ಉದ್ಯೋಗ. ಅದೇ ವಿಷಯದ ಎರಡು ವಾರಗಳ ತರಬೇತಿಗೆ ಮೆಕ್ಸಿಕೊದ ರಾಜಧಾನಿಗೆ ಆಯ್ಕೆಯಾದ ದಿನ ಅವಳು ಔರಾದಕ್ಕೆ ಹೋಗಿ ಅತ್ತಿಗೆ ಶಾಲುಬಾಯಿಗೆ ಸುದ್ದಿ ಹೇಳಿದ್ದಳು. ಅಂಗನವಾಡಿಯ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದ ಶಾಲುಬಾಯಿ ಸೌಟನ್ನು ಪಾತ್ರೆಯಲ್ಲಿಯೇ ಬಿಟ್ಟು ಹೊರಗೆ ಬಂದಳು.

"ಅವರು ಇರೋ ದೇಶ ಅದೇ ಅಲ್ಲ?"

"ಹೌದ್ರಿ ವೈನಿ."

"ಹಂಗಾದ್ರ ಕೇಳು. ಬರ್ತೇನಿ ಅಂದ್ರ ನಾ ಕಾಯ್ತೇನಿ. ಬರಂಗಿಲ್ಲ ಅಂದ್ರ ಸೋಡಚೀಟಿ ಬರಸ್ಕೊಂಡು ಬಾ. ನಡುವಿನ ಮಾತು ಮಾತ್ರ ತರಬ್ಯಾಡ. ನಾಕು ವರ್ಷ ಅದನ್ನೇ ಕೇಳೀನಿ."

ಸೋಡಚೀಟಿಯೆಂದರೆ ಗಂಡ ತನ್ನ ಕೈಯಾರೆ ಬರೆದುಕೊಡುವ ಬಿಡುಗಡೆಯ ಪತ್ರ. ಅದನ್ನು ಐದು ಜನ ಹಿರಿಯರ ಮುಂದೆ ಓದಿದ ಮೇಲೆ ಹೆಣ್ಣುಮಗಳು ಇನ್ನೊಂದು ಮನೆ ಕಟ್ಟಿಕೊಳ್ಳಬಹುದೆಂಬುದು ಅವರ ಮಂದಿಯಲ್ಲಿ ಹಿಂದಿನಿಂದ ಬಂದ ರೂಢಿ. ಭಾಲ್ಕಿಯ ಗ್ರಂಥಾಲಯದಲ್ಲಿ ಕೆಲಸ ಮಾಡುವ ಪಂಢರಿ, ಹೆಂಡತಿಯನ್ನು ಕಳೆದುಕೊಂಡವನು, ಶಾಲುಬಾಯಿಯನ್ನು ಮದುವೆಗೆ ಕೇಳಿದ್ದ. ಬುದ್ಧ ಪೂರ್ಣಿಮೆಯೊಳಗೆ ಒಂದು ಮಾತು ತಿಳಿಸಿರೆಂದು ವಿನಯದಿಂದಲೇ ಕೇಳಿದ್ದ. ಈಗ ಪೂರ್ಣಿಮೆಗೆ ಎರಡೇ ವಾರ ಉಳಿದಿತ್ತು.

ಭಾಗೀರಥಿಗೆ ಪಂಢರಿಯ ಮೇಲೆ ಸಿಟ್ಟೇನೂ ಇರಲಿಲ್ಲ. ಶಾಲುಬಾಯಿ ಸಾಯಗಾಂವದ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು, ತಾಯಿಯಿಲ್ಲದ ಭಾಗೀರಥಿಗೆ ಹದಿನಾಲ್ಕು. ಜಡೆ ಹೆಣೆದವಳು, ಎಂಎಸ್ಸಿಗೆ ಕಲಬುರಗಿಗೆ ಕಳಿಸಿದವಳು, ಹಾಸ್ಟೆಲಿಗೆ ರೊಟ್ಟಿ ಕಟ್ಟಿಕೊಂಡು ಬಂದವಳು ಅವಳೇ. ಸೋಡಚೀಟಿ ಕೈಗೆ ಬಂದ ದಿನ ಆಕೆ ಬೇರೆಯವರ ಮನೆಯ ಹೆಣ್ಣುಮಗಳಾಗುತ್ತಾಳೆ. ಈ ಲೆಕ್ಕವನ್ನು ಭಾಗೀರಥಿ ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಏಳು ಪ್ರಶ್ನೆಗಳ ಬೆನ್ನ ಹಿಂದೆ ನಿಂತಿದ್ದುದು ಅದೇ.

ಊಟಕ್ಕೆ ಗೋರಖನಾಥ ಮೆಕ್ಕೆಜೋಳದ ಸಣ್ಣ ರೊಟ್ಟಿ, ಸುಟ್ಟ ಮೀನು ತಂದ. "ಜ್ವಾಳದ್ದಲ್ಲ. ಆದರ ಕಣ್ಣು ಮುಚ್ಚಿ ತಿಂದ್ರ ಸಾಯಗಾಂವ."

"ಕಣ್ಣು ಮುಚ್ಚಿದ್ರ ಮೀನಿನ ಮುಳ್ಳು ಚುಚ್ತದ," ಎಂದಳು ಭಾಗೀರಥಿ. ಬಳಿಕ ಎರಡನೆಯ ಪ್ರಶ್ನೆ ಎತ್ತಿದಳು. "ಊರಿಗಿ ಬಂದ್ರ ಏನು ಮಾಡಬೇಕಂತ ಎಂದಾರ ವಿಚಾರ ಮಾಡೀಯೇನು?"

"ಮಾಡೀನಿ, ಮಾಡೀನಿ." ಅವನು ಎದ್ದ. ದೂರದಲ್ಲಿ ಯಾರೋ ಹಲಗೆ ಹೊತ್ತು ಬರುತ್ತಿದ್ದರು. ಬಂದವರನ್ನು ಕಳಿಸಿ ತಿರುಗಿ ಬಂದವನು ಸಾಯಗಾಂವದ ಬಾವಿಯ ಸುದ್ದಿ ಕೇಳಿದ, ಅಷ್ಟೂರಿನ ಗೆಳೆಯ ಅಯ್ಯುಬನ ಸುದ್ದಿ ಕೇಳಿದ, ಯಾರ ಯಾರ ಮನೆಗೆ ಬೀಗ ಬಿದ್ದಿದೆಯೆಂದು ಕೇಳಿದ. ಅರ್ಧ ಊರು ಹೈದರಾಬಾದಿಗೆ ಹೋಗಿದೆ ಎಂದಳು. ಬಾವಿಯ ತಳ ಕಾಣುತ್ತಿದೆ ಎಂದಳು. ಹೆಂಡತಿಯ ಹೆಸರು ಮಾತ್ರ ಅವನ ಬಾಯಿಗೆ ಬರಲಿಲ್ಲ. ಭಾಗೀರಥಿ ಆ ಹೆಸರನ್ನು ಎತ್ತಿದಾಗಲೆಲ್ಲ ಅವನಿಗೆ ಉಜ್ಜಬೇಕಾದ ಒಂದು ಹಲಗೆ, ಮುಚ್ಚಬೇಕಾದ ಒಂದು ಡಬ್ಬಿ ನೆನಪಾಗುತ್ತಿತ್ತು.

ನಾಲ್ಕು ಗಂಟೆಗೆ ಅವನು ದುರಸ್ತಿಯಾದ ಹಲಗೆಯೊಂದನ್ನು ಪರೀಕ್ಷಿಸಲು ಸಮುದ್ರಕ್ಕಿಳಿದ. ಭಾಗೀರಥಿ ದಡದಲ್ಲಿ ನಾಲ್ಕು ಹೆಜ್ಜೆ ಅತ್ತ ಹೋದಳು, ನಾಲ್ಕು ಹೆಜ್ಜೆ ಇತ್ತ ಬಂದಳು. ನೆಲದ ಮೇಲೆ ಅವನು ನಿಲ್ಲುವುದಿಲ್ಲವೆಂದಾದರೆ ನೀರಿನಲ್ಲಿ ಹಿಡಿಯಬೇಕು. ಅವಳಿಗೂ ಈಜು ಬರುತ್ತಿತ್ತು. ಎಂಟನೆಯ ವಯಸ್ಸಿನಲ್ಲಿ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಸಾಯಗಾಂವದ ಬಾವಿಗೆ ಅವಳನ್ನು ನೂಕಿದವನು ಇದೇ ಅಣ್ಣ.

ಓಢಣಿಯನ್ನು ಸೊಂಟಕ್ಕೆ ಬಿಗಿದು ಅವಳು ನೀರನ್ನು ಗಮನವಿಟ್ಟು ನೋಡಿದಳು. ಎಡಕ್ಕೆ ಅಲೆಗಳು ಒಡೆಯುತ್ತಿದ್ದವು, ಬಲಕ್ಕೂ ಒಡೆಯುತ್ತಿದ್ದವು. ನಡುವೆ ಹತ್ತು ಹನ್ನೆರಡು ಮಾರು ಅಗಲದ ಒಂದು ಪಟ್ಟೆಯಲ್ಲಿ ಮಾತ್ರ ನೀರು ನೊರೆಯಿಲ್ಲದೆ ಸುಮ್ಮನಿತ್ತು. ಸುಮ್ಮನಿರುವ ನೀರೇ ಕ್ಷೇಮವೆಂಬುದು ಬಾವಿಯಲ್ಲಿ ಈಜು ಕಲಿತವರ ನಂಬಿಕೆ. ಅವಳು ಆ ಪಟ್ಟೆಯನ್ನೇ ಆರಿಸಿಕೊಂಡಳು.

ಸೊಂಟದ ಮಟ್ಟದ ತನಕ ಎಲ್ಲವೂ ಸರಿಯಿತ್ತು. ಮುಂದಿನ ಹೆಜ್ಜೆಗೆ ಕಾಲಡಿಯ ಮರಳು ಇರಲಿಲ್ಲ. ನೀರು ಅವಳನ್ನು ಮುಳುಗಿಸಲಿಲ್ಲ, ಬಡಿಯಲಿಲ್ಲ. ಸದ್ದಿಲ್ಲದೆ ಆಳದ ಕಡೆಗೆ ಒಯ್ಯತೊಡಗಿತು. ಭಾಗೀರಥಿ ತಿರುಗಿ ದಡಕ್ಕೆ ಮುಖ ಮಾಡಿ, ಕತ್ತೆತ್ತಿ, ಬಾವಿಯ ರೀತಿಯಲ್ಲಿ ಕೈಬೀಸಿದಳು. ಬಾವಿಯಲ್ಲಿ ದಣಿವಾದರೆ ಎಲ್ಲಕ್ಕಿಂತ ಹತ್ತಿರದ ಗೋಡೆಗೆ ನೇರ ಹೋಗಬೇಕು. ಯಾವ ದಿಕ್ಕಿಗೆ ಹೋದರೂ ಎಂಟು ಕೈಬೀಸಿನಲ್ಲಿ ಕಲ್ಲು ಸಿಕ್ಕೇ ಸಿಗುತ್ತದೆ. ಅವಳು ಎಂಟು ಬೀಸಿದಳು, ಹದಿನಾರು ಬೀಸಿದಳು. ಚಪ್ಪರ ಮೊದಲಿಗಿಂತ ಚಿಕ್ಕದಾಗಿ ಕಂಡಿತು. ನಲವತ್ತನ್ನು ದಾಟಿದ ಮೇಲೆ ಎಣಿಕೆ ತಪ್ಪಿತು. ಎಣಿಕೆ ತಪ್ಪಿದ್ದೇ ಅವಳಿಗೆ ನೀರಿಗಿಂತ ಹೆಚ್ಚು ಭಯ ತಂದಿತು.

"ಅಡ್ಡ ಹೋಗು! ಭಾಗೀ, ದಂಡಿ ಕಡಿ ಬ್ಯಾಡ, ಅಡ್ಡ ಹೋಗು!"

ಅಡ್ಡವೆಂದರೆ ಯಾವ ಕಡೆ ಎಂದು ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹಲಗೆಯ ಮೂತಿ ಅವಳ ಭುಜಕ್ಕೆ ತಾಗಿತು. ಗೋರಖನಾಥ ಅವಳ ರಟ್ಟೆ ಹಿಡಿದು ಹಲಗೆಯ ಮೇಲೆ ಎಳೆದುಕೊಂಡ.

"ಹುಚ್ಚಿ! ಇದು ಬಾವಿ ಅಂತ ತಿಳದೀಯೇನು? ಗ್ವಾಡಿ ಎಲ್ಲದ ಇಲ್ಲಿ?"

ಅವಳು ಉಪ್ಪುನೀರು ಉಗುಳಿದಳು. ಅವನು ಕಾಲಾಡಿಸುತ್ತ ಹಲಗೆಯನ್ನು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಒಯ್ಯತೊಡಗಿದ. "ನಾನೂ ಮೊದಲ ವಾರ ಹಿಂಗೇ ಸಾಯಲಿಕ್ಕ ಹೋಗಿದ್ದೆ. ನಮ್ಮ ಕಡಿ ಮಂದಿಗಿ ನೀರು ಎಳೀತದ ಅನ್ನೋದೇ ಗೊತ್ತಿಲ್ಲ."

ಹಲಗೆಯ ಮೇಲೆ ಇಬ್ಬರಿದ್ದರು. ಗಿರಾಕಿ ಬರುವಂತಿರಲಿಲ್ಲ, ಅಣ್ಣ ಎದ್ದು ಹೋಗುವಂತಿರಲಿಲ್ಲ. ಭಾಗೀರಥಿಯ ಏಳು ಪ್ರಶ್ನೆಗಳಲ್ಲಿ ಆರು ತಲೆಯಿಂದ ಅಳಿಸಿಹೋಗಿದ್ದವು.

"ನೀ ಬರ್ತಿಯೋ ಇಲ್ಲೋ ಅಣ್ಣಾ?"

ಅವನು ಬಹಳ ಹೊತ್ತು ಕಾಲಾಡಿಸಿದ. "ನಾ ಔರಾದ ಕಡಿ ಟ್ಯಾಂಕರಿನ ಪೈಪು ಹಿಡದಿದ್ದು ನಿನಗ ಗೊತ್ತದ. ಕುಲಸುಮಬೀ ಅಂತ ಒಬ್ಬಾಕಿ ಮುದುಕಿ ದಿನಾ ಸಾಲಿನ್ಯಾಗ ಕಡೀಕಿ ನಿಲ್ತಿದ್ಲು. ಒಂದಿನ ಆಕಿ ಪಾಳಿ ಬಂದಾಗೇ ನೀರು ಮುಗೀತು. ಬೈದಿದ್ರ ನನಗೇನೂ ಅನಸ್ತಿದ್ದಿಲ್ಲ. 'ರಹನೇ ದೇ ಬೇಟಾ, ಇರ್ಲಿ ಬಿಡು, ನಾಳಿ ಬರ್ತೇನಿ' ಅಂದ್ಲು. ಮರುದಿನ ಮೊದಲೇ ಬಂದು ನಿಂತಿದ್ಲು, ಟ್ಯಾಂಕರೇ ಬರ್ಲಿಲ್ಲ. ಅವತ್ತೇ ನಾ ಹೈದರಾಬಾದ ಬಸ್ಸು ಹಿಡದೆ. ಅಲ್ಲಿಂದ ಹಡಗಿನ ಅಡಗಿ ಮನಿ, ಹಡಗಿನಿಂದ ಇಲ್ಲಿ." ಅವನು ಹಲಗೆಯ ಮೂತಿಯನ್ನು ಇನ್ನಷ್ಟು ಬಲಕ್ಕೆ ತಿರುಗಿಸಿದ. "ಶಾಲೂದು ಏನೂ ತಪ್ಪಿಲ್ಲ. ಫೋನಿನ್ಯಾಗ ಬರ್ತೇನಿ ಅಂದಾಗೆಲ್ಲ ಖರೇನೇ ಅಂದೀನಿ. ಫೋನ್ ಇಟ್ಟ ಮ್ಯಾಲ ಆ ಖಾಲಿ ಕೊಡ ಕಣ್ಣಿಗಿ ಬರ್ತದ. ಬರಂಗಿಲ್ಲ ಭಾಗೀ. ನನ್ನಿಂದ ಆಗಂಗಿಲ್ಲ."

ಬಲಗಡೆಯ ಅಲೆಯೊಂದು ಅವರನ್ನು ಎತ್ತಿ ಮರಳಿನ ಮೇಲೆ ತಂದು ಬಿಟ್ಟಿತು.

ಮರುದಿನ ಬೆಳಿಗ್ಗೆ ಅವಳು ಖಾಲಿ ಹಾಳೆಯನ್ನು ಅವನ ಮುಂದಿಟ್ಟಳು. ಇದೇಕೆಂದು ಅವನು ಕೇಳಿದ. ಪಂಢರಿಯ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಗೋರಖನಾಥ ಚಪ್ಪರದ ಅಂಚಿನ ತನಕ ಹೋದ, ತಿರುಗಿ ಬಂದ, ಮತ್ತೆ ಹೋದ.

"ಛಲೋ ಮನಷ್ಯಾ ಇದ್ದಾನೇನು?"

"ಇದ್ದಾನ. ಪುಸ್ತಕಕ್ಕ ರಟ್ಟು ಹಾಕ್ತಾನ. ಮಾತು ಕಡಿಮಿ."

"ಏನಂತ ಬರೀಲಿ? ನೀ ಹೇಳು, ನೀ ಕಲತಾಕಿ."

"ನಾ ಹೇಳಂಗಿಲ್ಲ. ಕೈ ನಿಂದು, ಮಾತೂ ನಿಂದೇ ಇರಬೇಕು."

ರಾಳ ಅಂಟಿದ ಬೆರಳುಗಳಲ್ಲಿ ಪೆನ್ನು ಹಿಡಿದು ಅವನು ನಾಲ್ಕು ಸಾಲು ಬರೆಯಲು ಮುಕ್ಕಾಲು ಗಂಟೆ ತೆಗೆದುಕೊಂಡ. ಇಂದಿನಿಂದ ಶಾಲುಬಾಯಿಯ ಮೇಲೆ ತನಗೆ ಹಕ್ಕಿಲ್ಲವೆಂದೂ, ಆಕೆ ಎಲ್ಲಿ ಸುಖವಾಗಿರುತ್ತಾಳೋ ಅಲ್ಲಿ ಇರಲೆಂದೂ ಬರೆದಿದ್ದ. ಕೊನೆಯ ಸಾಲಿನಲ್ಲಿ, ಕಾಯಿಸಿದ್ದು ತನ್ನ ತಪ್ಪು ಎಂದಿತ್ತು. ದಿನಾಂಕವನ್ನು ತಪ್ಪು ಬರೆದಿದ್ದ. ಭಾಗೀರಥಿ ತೋರಿಸಿದಳು, ಅವನು ಹೊಡೆದು ತಿದ್ದಿ ಸಹಿ ಹಾಕಿದ. ಅವಳು ಹಾಳೆಯ ಚಿತ್ರ ತೆಗೆದು ಔರಾದಕ್ಕೆ ಕಳಿಸಿದಳು. ಅಲ್ಲಿ ಆಗ ಸಂಜೆ ಆರೂವರೆ.

ಐದು ನಿಮಿಷಕ್ಕೆ ಫೋನು ಬಂತು. ಭಾಗೀರಥಿ ಎದ್ದು ಚಪ್ಪರದ ಹೊರಗೆ ಹೋದಳು.

"ಓದಿದೆ," ಎಂದಳು ಶಾಲುಬಾಯಿ. ಆ ಕಡೆ ಕೊಡಗಳ ಸದ್ದು ಕೇಳುತ್ತಿತ್ತು. "ಅಕ್ಷರ ನೋಡು, ಇನ್ನೂ ಕೋಳಿ ಕಾಲೇ. ಹೆಂಗದಾರ ಅವರು?"

"ಆರಾಮ ಅದಾರ್ರಿ ವೈನಿ."

"ಇನ್ನ ವೈನಿ ಅನಬ್ಯಾಡ."

ತರಬೇತಿಗೆ ಆಯ್ಕೆಯಾದ ದಿನದಿಂದ ಭಾಗೀರಥಿ ಹೆದರಿದ್ದ ಮಾತು ಇದೇ.

"ಅಕ್ಕಾ ಅನ್ನು. ಪಂಢರಿ ಅವರಿಗಿ ನಾ ಮೊದಲೇ ಹೇಳೀನಿ, ನನಗೊಬ್ಬಾಕಿ ತಂಗಿ ಇದ್ದಾಳ, ಶನಿವಾರ ಶನಿವಾರ ಬರ್ತಾಳ, ತಲಿ ಹಿಕ್ಕಿಸ್ಕೋತಾಳ, ಉಪ್ಪು ಕಡಿಮಿ ಆಗೇದಂತ ಜಗಳಾ ತೆಗೀತಾಳ ಅಂತ. ಕೇಳಸ್ತೇನು?"

"ಕೇಳಸ್ತದ," ಎಂದಳು ಭಾಗೀರಥಿ. ಅಕ್ಕಾ ಎಂಬ ಎರಡಕ್ಷರ ನಾಲಗೆಯ ತುದಿಗೆ ಬಂದು ನಿಂತವು, ಹೊರಗೆ ಬರಲಿಲ್ಲ. ಹನ್ನೆರಡು ವರ್ಷದ ರೂಢಿ ಅಷ್ಟು ಬೇಗ ಜಾಗ ಬಿಡುವಂತಿರಲಿಲ್ಲ.

"ಟ್ಯಾಂಕರ ಬಂತು, ಇಡ್ತೇನಿ!" ಎಂದು ಶಾಲುಬಾಯಿ ಕೂಗಿದಳು. ಫೋನು ಕಡಿಯಿತು.

ಗೋರಖನಾಥ ಚಪ್ಪರದ ಕಂಬ ಹಿಡಿದು ನಿಂತಿದ್ದ. ಮುರಿದ ಹಲಗೆಯೊಂದಿಗೆ ಕಾಯುತ್ತಿದ್ದ ಗಿರಾಕಿಯ ಕಡೆ ಅವನು ನೋಡಲೂ ಇಲ್ಲ.

"ಏನಂದ್ಲು?"

ಭಾಗೀರಥಿ ಫೋನನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. ಕೇಳಿದ್ದನ್ನು ಇದ್ದದ್ದು ಇದ್ದಂತೆ ವರದಿ ಮಾಡುವುದು ಅವಳ ಸ್ವಭಾವ. ಈ ಮಾತನ್ನು ಮಾತ್ರ ಯಾರಿಗೂ ಕೊಡುವ ಮನಸ್ಸು ಅವಳಿಗಾಗಲಿಲ್ಲ.

"ಟ್ಯಾಂಕರ ಬಂತು ಅಂದ್ಲು."

"ಮನಿಗಿ ಎಷ್ಟು ಕೊಡ ಕೊಡ್ತಾರ ಈಗ?"

"ಆರು. ಮೊನ್ನಿತನಕ ನಾಕಿತ್ತು."

"ಕಡೀಕಿ ನಿಂತವರಿಗೂ ಸಿಗ್ತದೇನು?"

"ಒಂದೊಂದು ದಿನ ಸಿಗ್ತದ," ಎಂದಳು ಭಾಗೀರಥಿ. ಅವನು ಕಂಬ ಬಿಟ್ಟು ದಡದ ಕಡೆ ನಡೆದ, ಅರ್ಧ ದಾರಿಯಲ್ಲಿ ನಿಂತ, ತಿರುಗಿ ಬಂದು ಗಿರಾಕಿಯ ಕೈಯಿಂದ ಹಲಗೆ ತೆಗೆದುಕೊಂಡು ಬಿರುಕನ್ನು ಬೆರಳಿನಿಂದ ಸವರತೊಡಗಿದ.