ಎರಡೇ ಹಾಡಿನ ಗಿಟಾರು

ನಾನು ಒಂದು ಗಿಟಾರು. ಕರೆಂಟಿನ ಗಿಟಾರು. ಹಾಗೆಂದು ಹೇಳಿಕೊಳ್ಳುವಾಗ ಸ್ವಲ್ಪ ಅಳುಕಾಗುತ್ತದೆ, ಏಕೆಂದರೆ ಕರೆಂಟು ಹೋದರೆ ನನ್ನ ದನಿ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ಕಲ್ಕತ್ತೆಯ ಒಂದು ಗಲ್ಲಿಯಲ್ಲಿ, ಹಾರ್ಮೋನಿಯಂ ರಿಪೇರಿ ಅಂಗಡಿಯ ಹಿಂಬದಿಯಲ್ಲಿ ನಾನು ಹುಟ್ಟಿದೆ. ನನ್ನ ಮೈ ಸಾಗವಾನಿಯದು. ಕುತ್ತಿಗೆ ಯಾವ ಮರದ್ದೆಂದು ನನ್ನನ್ನು ಮಾಡಿದ ಮುದುಕನಿಗೂ ಖಚಿತವಿರಲಿಲ್ಲ. ಕೆಂಪು ಬಣ್ಣ ಬಳಿದ ಮೇಲೆ ಒಣಗಿದೆಯೋ ಇಲ್ಲವೋ ಎಂದು ಹೆಬ್ಬೆರಳಿಟ್ಟು ನೋಡಿದ. ಒಣಗಿರಲಿಲ್ಲ. ಆ ಗುರುತು ಇಂದಿಗೂ ನನ್ನ ಬೆನ್ನ ಮೇಲಿದೆ.

ನನ್ನನ್ನು ಮೊದಲು ಕೊಂಡವರು ರೈಲಿನ ಗಾರ್ಡ್ ವಿಕ್ಟರ್ ಸಾಹೇಬರು. ಅವರ ಹಾಸಿಗೆಯ ಸುರುಳಿಯೊಳಗೆ ಸೇರಿಕೊಂಡು ನಾನು ಹುಬ್ಬಳ್ಳಿಗೆ ಬಂದೆ. ಅವರಿಗೆ ಮೂರೇ ಕಾರ್ಡ್, ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಮೂರೇ ಗುಂಪು, ನುಡಿಸಲು ಬರುತ್ತಿತ್ತು. ಆ ಮೂರರಲ್ಲೇ ಹತ್ತು ವರ್ಷ ಸಂತೋಷವಾಗಿ ಕಳೆದೆವು. ನಿವೃತ್ತರಾಗಿ ಗೋವಾಕ್ಕೆ ಹೊರಟ ದಿನ ಅವರು ನನ್ನನ್ನು ಪಕ್ಕದ ಕ್ವಾರ್ಟರ್ಸಿನ ಜಯವಂತನ ಕೈಗಿಟ್ಟು, “ಇದಕ್ಕ ನಾ ಏನೂ ಕಲಿಸಲಿಲ್ಲೋ ತಮ್ಮಾ, ನೀ ಕಲಿಸು” ಎಂದರು.

ಜಯವಂತ ಕಟ್ಟಿಮನಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದ. ಅವನ ಗೆಳೆಯ ದಾವಲಸಾಬನದು ಗಾದಿ ಹೊಲಿಯುವ ಮನೆತನ. ಹತ್ತಿ ಬಡಿದು ಬಡಿದು ಕೈ ಪಳಗಿದ್ದರಿಂದ ಡ್ರಮ್ ಅವನಿಗೆ ತಾನಾಗಿ ಒಲಿದಿತ್ತು. ಊರಿನ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದ ಕಾಲವದು. ಇಬ್ಬರೂ ಸೇರಿ ಒಂದು ತಂಡ ಕಟ್ಟಿ ಅದಕ್ಕೆ ‘ಮೀಟರ್ ಗೇಜ್’ ಎಂದು ಹೆಸರಿಟ್ಟರು. ಹೆಸರಾದರೂ ಉಳಿಯಲಿ ಎಂದು ದಾವಲ ಹೇಳಿದ.

ಅವರು ಶ್ರುತಿ ಮಾಡುತ್ತಿದ್ದ ರೀತಿಯನ್ನು ಹೇಳಲೇಬೇಕು. ಅವರ ಬಳಿ ಶ್ರುತಿಪೆಟ್ಟಿಗೆ ಇರಲಿಲ್ಲ. ಜಯವಂತ ಕಣ್ಣು ಮುಚ್ಚಿ “ಆ…” ಎನ್ನುತ್ತಿದ್ದ. ಅವನ ಗಂಟಲು ಎಲ್ಲಿ ಸುಖವಾಗಿ ಕೂತಿತೋ ಅಲ್ಲಿಗೆ ನನ್ನ ತಂತಿ ಬಿಗಿಯುತ್ತಿದ್ದರು. ದಿನಕ್ಕೊಂದು ಶ್ರುತಿ. ಎಲ್ಲಿಗೆ ಬಿಗಿದೆವೆಂದು ಯಾರೂ ಬರೆದಿಡುತ್ತಿರಲಿಲ್ಲ.

ದುರ್ಗದಬೈಲು ಪೇಟೆಯ ಹತ್ತಿರ ಪಾರಿಸಣ್ಣ ಎಂಬವರು ಒಂದು ಸಣ್ಣ ಕ್ಯಾಸೆಟ್ ಕಂಪನಿ ನಡೆಸುತ್ತಿದ್ದರು. ಅವರ ಮನೆಯ ಮಾಳಿಗೆಯ ಮೇಲೆ, ಕಿಟಕಿಗೆ ಗಾದಿ ಕಟ್ಟಿ, ನಾವು ಹತ್ತು ಹಾಡು ರೆಕಾರ್ಡ್ ಮಾಡಿದೆವು. ಎಂಟನ್ನು ಯಾರೂ ಕೇಳಲಿಲ್ಲ. ಉಳಿದ ಎರಡು ಹಾಡು ಊರನ್ನೇ ಹಿಡಿದವು. ಒಂದು ‘ಗೇಟು ಬಿತ್ತ ನೋಡ’. ರೈಲ್ವೆ ಗೇಟಿನ ಆಚೆ ಹುಡುಗಿ, ಈಚೆ ಹುಡುಗ, ನಡುವೆ ಮುಗಿಯದ ಗೂಡ್ಸ್ ಗಾಡಿ. ಇನ್ನೊಂದು ‘ಛತ್ರಿ ಮರತೆ’. ಹುಬ್ಬಳ್ಳಿಯಿಂದ ಗದಗಿನವರೆಗೆ ಬಸ್ಸು, ಕ್ಷೌರದ ಅಂಗಡಿ, ಮಿರ್ಚಿ ಗಾಡಿ ಎಲ್ಲೆಲ್ಲೂ ಅವೇ.

ಮೊದಲ ಸಲ ಕ್ಯಾಸೆಟ್ಟು ಕೇಳಿದಾಗ ನನಗೆ ಗಾಬರಿಯಾಯಿತು. ನಾನು ನುಡಿಸಿದ್ದಕ್ಕಿಂತ ಹಾಡು ಮೇಲಿತ್ತು. ಜಯವಂತನ ದನಿ ಹದಿನೇಳರ ಹುಡುಗನದಂತೆ ತೆಳ್ಳಗೆ, ಚುರುಕಾಗಿ ಕೇಳುತ್ತಿತ್ತು. ನಾನೇ ಅಂದು ತಪ್ಪು ಶ್ರುತಿಯಲ್ಲಿದ್ದೆನೇ? ನನ್ನ ಕುತ್ತಿಗೆಯ ಮರದ ಬಗ್ಗೆ ಮೊದಲೇ ಅನುಮಾನವಿತ್ತು.

ಜಯವಂತನೂ ಮುಖ ಸಣ್ಣದು ಮಾಡಿ, “ದಾವಲ, ಇಷ್ಟು ಮ್ಯಾಲ ಹಾಡಿದ್ನೇನಲೇ ನಾ?” ಎಂದ.

“ಹಾಡೀದಿ, ಹಿಟ್ ಆತು. ಇನ್ನೇನ್ ಬೇಕ ನಿನಗ?”

ಏನು ಬೇಕಿತ್ತೆಂಬುದು ಗದಗಿನ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಗೊತ್ತಾಯಿತು. ಜಯವಂತ ಎಂದಿನಂತೆ ಕಣ್ಣು ಮುಚ್ಚಿ “ಆ…” ಎಂದು, ನನ್ನನ್ನು ಶ್ರುತಿ ಮಾಡಿ, ಹಾಡಲು ಶುರುಮಾಡಿದ. ಎರಡು ಸಾಲು ಮುಗಿಯುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

“ಏ, ಇಂವ ಅಲ್ಲೋ! ಹಾಡಾಂವ ಬ್ಯಾರೇ ಅದಾನ!”

“ಡೂಪ್ಲಿಕೇಟ್ ಕಳಿಸ್ಯಾರಲೇ!”

ದಾವಲ ಡ್ರಮ್ ಕಡ್ಡಿ ಎತ್ತಿ, “ಇವನs ಅದಾನ್ರಪಾ, ರೇಷನ್ ಕಾರ್ಡ್ ತೋರಸ್ಲ್ಯಾ?” ಎಂದ. ಜನ ನಕ್ಕರು, ಆದರೆ ನಂಬಲಿಲ್ಲ.

ಅಂದಿನಿಂದ ಜಯವಂತ ನನ್ನ ತಂತಿಗಳನ್ನು ಕ್ಯಾಸೆಟ್ಟಿನ ಎತ್ತರಕ್ಕೆ ಬಿಗಿಯತೊಡಗಿದ. ಮೆಣಸು ಹಾಕಿದ ಬಿಸಿನೀರು ಕುಡಿದ, ಮೊಸರು ಬಿಟ್ಟ, ಎಣ್ಣೆ ಬಿಟ್ಟ. ಪಲ್ಲವಿಯ ಮೇಲಿನ ಸ್ವರಕ್ಕೆ ಬಂದಾಗಲೆಲ್ಲ ಅವನ ಕತ್ತಿನ ನರ ಉಬ್ಬುತ್ತಿತ್ತು, ನನ್ನ ಕುತ್ತಿಗೆ ಬಾಗುತ್ತಿತ್ತು. ಒಂದು ಗಣಪತಿ ಪೆಂಡಾಲಿನಲ್ಲಿ ಅವನ ದನಿ ಒಡೆಯಿತು, ಅದೇ ಗಳಿಗೆಗೆ ನನ್ನ ತಂತಿಯೂ ಹರಿಯಿತು. ಯಾರದು ಮೊದಲು ಎಂದು ನಾನು ಬಹಳ ಯೋಚಿಸಿದ್ದೇನೆ. ನನ್ನದೇ ಇರಬೇಕು.

ಮರುದಿನ ಜಯವಂತ ನನ್ನನ್ನು ದಾವಲನ ಅಂಗಡಿಗೆ ತಂದು ಮೊಳೆಗೆ ನೇತುಹಾಕಿದ. “ಆವತ್ತ ಒಂದ್ ದಿನ ಆ ದನಿ ಎಲ್ಲಿಂದ ಬಂದಿತ್ತೋ, ಹಂಗs ಹೋತು. ಜನ ಅನ್ನೋದು ಖರೇನ ಐತಿ. ಅದನ್ನ ಹಾಡಿದಾಂವ ನಾ ಅಲ್ಲ.”

ದಾವಲ ಬಾಯಿ ತೆರೆದ. ಅವನು ಆಡುವ ಮೊದಲೇ ಜಯವಂತ ಸೈಕಲ್ ಹತ್ತಿ ಹೋಗಿಬಿಟ್ಟ. ಮುಂದೆ ಅವನು ಚರ್ಚಿನಲ್ಲಿಯೂ ಹಿಂದಿನ ಬೆಂಚಿಗೆ ಸರಿದು ತುಟಿ ಮಾತ್ರ ಅಲ್ಲಾಡಿಸುತ್ತಿದ್ದನಂತೆ. ಇದನ್ನು ನಾನು ದಾವಲನಿಂದ ಕೇಳಿದ್ದು.

ಗಾದಿ ಅಂಗಡಿಯಲ್ಲಿ ನನಗೇನೂ ಕೊರತೆಯಾಗಲಿಲ್ಲ. ಪಕ್ಕದಲ್ಲಿ ಹತ್ತಿ ಎಕ್ಕಿ ಹಿಂಜುವ ಬಿಲ್ಲು ತೂಗುತ್ತಿತ್ತು. ಅದಕ್ಕೆ ಒಂದೇ ತಂತಿ. ದಿನವಿಡೀ ದುಡಿದರೂ ಶ್ರುತಿಯ ಚಿಂತೆಯಿಲ್ಲ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಮೈಮೇಲೆ ಹತ್ತಿ ಕೂತು ಕೂತು ನಾನು ಕೆಂಪು ಬಣ್ಣದ ಕುರಿಯಂತಾದೆ.

ಇಪ್ಪತ್ತೆಂಟು ವರ್ಷ ಹೀಗೆ ಕಳೆದವು. ದಾವಲನ ಮಗಳು ಶಮೀನಾ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಒಂದೆರಡು ಹಾಡಿಗೆ ಹೆಸರಾಗಿ ಮರೆಯಾದ ಊರಿನ ತಂಡಗಳನ್ನೆಲ್ಲ ಸೇರಿಸಿ ಒಂದು ಕಾರ್ಯಕ್ರಮ ಮಾಡಬೇಕೆಂದು ಅವಳಿಗೆ ಹುಚ್ಚು ಹಿಡಿಯಿತು. ಪಾರಿಸಣ್ಣನವರ ಅಟ್ಟ ಹುಡುಕಿಸಿ ನಮ್ಮ ಹಾಡಿನ ಮೂಲ ಟೇಪನ್ನು ತರಿಸಿದಳು. ಅದನ್ನು ನುಡಿಸುವ ಸರಿಯಾದ ಯಂತ್ರವನ್ನೂ ಎಲ್ಲಿಂದಲೋ ಹೊಂದಿಸಿದಳು. ಟೇಪು ಕೇಳುವ ದಿನ ಪಾರಿಸಣ್ಣ ತಾವೇ ಅಂಗಡಿಗೆ ಬಂದಿದ್ದರು. ಜಯವಂತನನ್ನು ಹಳೆಯ ಗಾದಿ ನೋಡುವ ನೆಪದಲ್ಲಿ ಕರೆಸಿದ್ದರು.

ಟೇಪು ತಿರುಗಿತು. ಹಾಡು ಬಂತು. ಮೆಲ್ಲಗೆ, ತುಂಬಿದ ದನಿಯಲ್ಲಿ.

“ಕಾಕಾ,” ಎಂದಳು ಶಮೀನಾ, “ಇದು ನೀವು ಮಾತಾಡೋ ದನಿನs ಐತಲ್ಲರೀ!”

ಜಯವಂತ ಗಾದಿಯ ಮೇಲೆ ಕೂತುಬಿಟ್ಟ. ದಾವಲ ಪಾರಿಸಣ್ಣನವರ ಕಡೆ ತಿರುಗಿ, “ಹಂಗಾರ ಕ್ಯಾಸೆಟ್ನ್ಯಾಗ ಯಾಕ ಹಂಗ ಬಂತ್ರೀ?” ಎಂದು ಕೇಳಿದ.

“ಕಾಪಿ ಮಾಡೂಮುಂದ ಮೂಲ ಟೇಪ್ ಓಡಸೋ ಮಷೀನಿನ ಬೆಲ್ಟ್ ಸಡಲಾಗಿತ್ತಪಾ. ಮೋಟರಿನ ಗಾಲಿಗೆ ನಾಕ್ ಸುತ್ತು ಅಂಟಿನ ಪಟ್ಟಿ ಸುತ್ತಿದ್ದೆ, ಬೆಲ್ಟ್ ಗಟ್ಟಿ ಕುಂತಿತು. ಗಾಲಿ ದಪ್ಪಾತು, ಟೇಪ್ ಒಂಚೂರು ಜೋರ್ ತಿರಗಾಕ್ಹತ್ತು, ದನಿ ಏರ್ತು. ಹತ್ತೂ ಹಾಡು ಒಂದs ಕ್ಯಾಸೆಟ್ನ್ಯಾಗ ಹಿಡದ್ವಲ್ಲಾ ಅಂತ ನನಗ ಖುಷಿನs ಆತು.”

“ಒಂಚೂರಾ?” ಜಯವಂತ ಎದ್ದು ನಿಂತ. “ಆ ಒಂಚೂರಿನ ಸಲವಾಗಿ ನಾ ಮೆಣಸಿನ ನೀರು ಕುಡದೇನ್ರಿ! ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚೇನ್ರಿ!”

“ನೀ ಬಂದು ಒಂದ್ ಮಾತು ಕೇಳಬೇಕಿತ್ತಿಲ್ಲೋ! ನನಗೇನ್ ಗೊತ್ತು? ಮೆಣಸಿನ ನೀರು ಒಳ್ಳೇದs ಬಿಡು, ಪಚನಕ್ಕ.”

ಜಯವಂತ ನಗತೊಡಗಿದ. ಅಷ್ಟು ದೊಡ್ಡದಾಗಿ ಅವನು ನಕ್ಕದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ನನ್ನನ್ನು ಮೊಳೆಯಿಂದ ಇಳಿಸಿ, ಮೈಮೇಲಿನ ಹತ್ತಿ ಕೊಡವಿದ. ತಪ್ಪು ನನ್ನ ಕುತ್ತಿಗೆಯದಾಗಿರಲಿಲ್ಲ. ಅದನ್ನು ಯಾರೂ ನನಗೆ ಹೇಳಲಿಲ್ಲ, ಆದರೂ ಕೇಳಿದಂತಾಯಿತು.

ಕಾರ್ಯಕ್ರಮ ಭಾನುವಾರ ಬೆಳಿಗ್ಗೆ. ಸಭಾಂಗಣ ತುಂಬಿತ್ತು. ಹೊಸ ತಂತಿ ಹಾಕಿ, ಹಳೆಯ ಕಾಲದಂತೆ ಜಯವಂತನ ಗಂಟಲಿಗೇ ನನ್ನನ್ನು ಶ್ರುತಿ ಮಾಡಿದ್ದರು. ಜಯವಂತನ ಅಂಗೈ ಬೆವರಿ ನನ್ನ ಕುತ್ತಿಗೆಯೆಲ್ಲ ಒದ್ದೆಯಾಗಿತ್ತು. ಕ್ಯಾಸೆಟ್ಟಿನ ಗುಟ್ಟು ತಿಳಿದಿದ್ದು ಅಂದು ಅಂಗಡಿಯಲ್ಲಿದ್ದ ನಮಗೆ ಐವರಿಗೆ ಮಾತ್ರ. ಜನರ ಕಿವಿಯಲ್ಲಿ ಇನ್ನೂ ಕ್ಯಾಸೆಟ್ಟಿನ ಹುಡುಗನೇ ಇದ್ದ. ‘ಗೇಟು ಬಿತ್ತ ನೋಡ’ ಹಾಡಿನ ಎರಡು ಸಾಲು ಮುಗಿದವು. ಮುಂದಿನ ಸಾಲಿನಲ್ಲಿದ್ದ ಹಸಿರು ಇಳಕಲ್ ಸೀರೆಯ ಹೆಂಗಸು ಎದ್ದು ನಿಂತು ಜೋರಾಗಿಯೇ ಹೇಳಿದರು.

“ಕ್ಯಾಸೆಟ್ನ್ಯಾಗಿನ್ಹಂಗ ಇಲ್ಲರೀ ಇದು!”

ಜಯವಂತ ನನ್ನ ತಂತಿಗಳ ಮೇಲೆ ಅಂಗೈ ಇಟ್ಟು ಹಾಡು ನಿಲ್ಲಿಸಿದ. ಇನ್ನು ಮೊಳೆಗೇ ಎಂದುಕೊಂಡೆ.

“ಹೌದ್ರಿ ಅಕ್ಕಾರ,” ಎಂದ ಅವನು. “ಅದು ಮಷೀನಿಂದು. ಇದು ನಂದು. ಕುಂದರ್ರಿ, ಪೂರ್ತಿ ಕೇಳ್ರಿ.”

ಮತ್ತೆ ಮೊದಲಿನಿಂದ ಎತ್ತಿಕೊಂಡ. ದಾವಲ ಮೆತ್ತಗೆ ಬಾರಿಸಿದ. ಪಲ್ಲವಿಯ ಆ ಮೇಲಿನ ಸ್ವರ ಬಂದಾಗ ನಾನು ರೂಢಿಯಂತೆ ಮೈ ಬಿಗಿಹಿಡಿದೆ. ಬೇಕಾಗಲೇ ಇಲ್ಲ. ಅವನು ಸಲೀಸಾಗಿ ಅಲ್ಲಿಗೆ ಹೋಗಿ ಬಂದ. ಅವನ ಹಿಂದೆಯೇ ಒಂದು ಗಡಸು ದನಿ, ಆಮೇಲೆ ಹತ್ತು, ಆಮೇಲೆ ಇಡೀ ಸಭೆ. ಇಷ್ಟು ವರ್ಷ ಜನ ಆ ಹಾಡನ್ನು ಕೇಳಿದ್ದರು, ಸಾಲು ಬಾಯಿಪಾಠ ಮಾಡಿದ್ದರು, ಆದರೆ ಪಲ್ಲವಿ ಬಂದಾಗ ಎಲ್ಲರ ದನಿಯೂ ಕೈಕೊಡುತ್ತಿತ್ತು. ಮೊದಲ ಸಲ ಅದು ಊರಿಗೆ ಎಟುಕಿತು.

ಹಾಡು ಮುಗಿದಾಗ ಹಸಿರು ಸೀರೆಯವರು ನಿಂತೇ ಇದ್ದರು. “ಅಯ್ಯ, ಈ ಹಾಡು ನನಗೂ ಬರ್ತೈತಿ ಅಂತ ಇವತ್ತs ಗೊತ್ತಾತು ನೋಡ್ರಿ! ಇನ್ನೊಂದ್ ಹಾಡ್ರಿ!”

‘ಛತ್ರಿ ಮರತೆ’ ಹಾಡಿದೆವು. ಇನ್ನೊಂದು ಎಂದರು. ನಮ್ಮ ಹಾಡುಗಳಲ್ಲಿ ಊರಿಗೆ ಗೊತ್ತಿದ್ದವೇ ಎರಡು. ಹೀಗಾಗಿ ಮೊದಲನೆಯದನ್ನೇ ಮತ್ತೆ ಹಾಡಿದೆವು.

ಈಗ ನಾನು ಮತ್ತೆ ಗಾದಿ ಅಂಗಡಿಯಲ್ಲಿದ್ದೇನೆ. ಕುತ್ತಿಗೆ ಬಾಗಿದೆ, ತಂತಿ ಬಿಗಿಯುವ ಒಂದು ಬಿರಡೆ ನಿಲ್ಲುವುದಿಲ್ಲ, ಇನ್ನು ಎಲ್ಲಿಗೂ ಹೋಗಲಾರೆ. ದಿಂಬು ಹೊಲಿಯುವವರೆಗೆ ಕಾದು ಕೂತವರು ನನ್ನನ್ನು ನೋಡಿ ‘ಗೇಟು ಬಿತ್ತ ನೋಡ’ ಎಂದು ಗುನುಗುತ್ತಾರೆ. ಒಬ್ಬರದು ಮೇಲೆ, ಒಬ್ಬರದು ಕೆಳಗೆ. ಯಾರದು ಸರಿ ಎಂದು ನಾನೀಗ ಚಿಂತಿಸುವುದಿಲ್ಲ. ಚಿಂತಿಸುವುದೇ ಇಲ್ಲವೆಂದರೆ ಸುಳ್ಳಾದೀತು. ಕಡಿಮೆ ಮಾಡಿದ್ದೇನೆ.